ಬೇಸಿಗೆಯಲ್ಲಿ ಜೋಗಕ್ಕೆ ಹೊರಡುವ ಮುನ್ನ

ವಾರ್ಷಿಕ ಪರೀಕ್ಷೆಯ ಕೊನೆಯ ದಿನ ಮನೆಗೆ ಬಂದ ಹುಡುಗ ಚೀಲವನ್ನು ಮೂಲೆಗೆಸೆದು ಕೇಳುವ ಮೊದಲ ಮಾತು ಶಿವಮೊಗ್ಗ, ಭದ್ರಾವತಿ ಕಡೆಯ ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ: "ಈ ಸಲ ಜೋಗಕ್ಕೆ ಕರ್ಕೊಂಡು ಹೋಗ್ತೀನಿ ಅಂದಿದ್ಯಲ್ಲಪ್ಪಾ?" ಅಪ್ಪ ಉತ್ತರ ಹುಡುಕುವಷ್ಟರಲ್ಲಿ ಒಳಗಿನಿಂದ ಅಜ್ಜಿಯ ದನಿ ತೇಲಿಬರುತ್ತದೆ: "ಈ ಬಿಸಿಲಲ್ಲಿ ಅಲ್ಲೇನಿರತ್ತೋ? ಬರೀ ಬಂಡೆ!"

ಇಬ್ಬರ ಮಾತೂ ನ್ಯಾಯವೇ. ರಜೆ ಬರುವುದು ಏಪ್ರಿಲ್-ಮೇ ತಿಂಗಳಲ್ಲಿ, ಜೋಗ ಮೈದುಂಬುವುದು ಜುಲೈ ಕಳೆದ ಮೇಲೆ. ಕ್ಯಾಲೆಂಡರಿನಲ್ಲಿ, ಪಠ್ಯಪುಸ್ತಕದಲ್ಲಿ, 2006ರ 'ಮುಂಗಾರು ಮಳೆ' ಚಿತ್ರದಲ್ಲಿ ಮಕ್ಕಳು ಕಂಡ ಜೋಗ ಮಳೆಗಾಲದ್ದು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಮೇ ತಿಂಗಳ ಮಟಮಟ ಮಧ್ಯಾಹ್ನ ಕಟಾಂಜನ ಹಿಡಿದು ನಿಂತರೆ ಎದುರಿಗೆ ಕಾಣುವುದು 253 ಮೀಟರ್ ಎತ್ತರದ ಕಪ್ಪುಬಂಡೆ, ಅದರ ಮೇಲೆ ಬಿಳಿ ದಾರದ ಎಳೆಯಂತೆ ಇಳಿಯುವ ಒಂದಿಷ್ಟು ನೀರು. "ಇಷ್ಟೇನಾ?" ಎಂದು ಮಗು ಕೇಳಿದಾಗ ಬೇಸರವಾಗುವುದು ಮಗುವಿಗಿಂತ ಹೆಚ್ಚಾಗಿ ಅಪ್ಪ-ಅಮ್ಮನಿಗೆ. ಹಾಗೆಂದು ಪ್ರವಾಸವನ್ನೇ ಕೈಬಿಡಬೇಕಿಲ್ಲ. ನೀರು ಎಲ್ಲಿಗೆ ಹೋಯಿತು ಎಂಬುದನ್ನು ಮನೆಯಲ್ಲೇ ಮೊದಲು ಹೇಳಿ ಕರೆದೊಯ್ದರೆ ಅದೇ ಬಂಡೆ ಬೇರೆ ಕಥೆ ಹೇಳುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದ ಬಳಿ ಕಡಲು ಸೇರುವ ಶರಾವತಿಯದು ಪುಟ್ಟ ಪಯಣ, ಸುಮಾರು 128 ಕಿಲೋಮೀಟರ್ ಮಾತ್ರ. ಆದರೆ ನಾಡಿಗೆ ಅದು ಕೊಟ್ಟ ಬೆಳಕು ದೊಡ್ಡದು. 1948ರಲ್ಲಿ ಜೋಗದ ಮೊದಲ ವಿದ್ಯುದಾಗಾರ ಕೆಲಸ ಆರಂಭಿಸಿತು. ಅದಕ್ಕೆ ನೀರು ಒದಗಿಸಿದ್ದು ಹಿರೇಭಾಸ್ಕರ ಅಣೆಕಟ್ಟು. ಬೇಡಿಕೆ ಬೆಳೆದಂತೆ 1964ರಲ್ಲಿ ಜಲಪಾತಕ್ಕಿಂತ ಸುಮಾರು ಆರು ಕಿಲೋಮೀಟರ್ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಸುಮಾರು 151 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದಿಂದ ನೀರು ಕಾಲುವೆಯ ಮೂಲಕ ತಳಕಳಲೆಗೆ, ಅಲ್ಲಿಂದ ಕೊಳವೆಗಳಲ್ಲಿ ಧುಮುಕಿ ಶರಾವತಿ ವಿದ್ಯುದಾಗಾರಕ್ಕೆ ಹೋಗುತ್ತದೆ. ಹತ್ತು ಯಂತ್ರಗಳು, ಒಟ್ಟು 1,035 ಮೆಗಾವ್ಯಾಟ್. ಬಂಡೆಯ ಮೇಲಿಂದ ಬೀಳಬೇಕಾದ ನೀರು ಈಗ ಕೊಳವೆಯೊಳಗೆ ಬೀಳುತ್ತಿದೆ, ಅಷ್ಟೇ ವ್ಯತ್ಯಾಸ. ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರ 1985ರಲ್ಲಿ ಶುರುವಾಗುವವರೆಗೆ ರಾಜ್ಯ ಬಹುಮಟ್ಟಿಗೆ ಇಂಥ ನೀರನ್ನೇ ನಂಬಿಕೊಂಡಿತ್ತು. ಈಗಿನ ಅಪ್ಪಂದಿರ ತಲೆಮಾರಿನ ಅನೇಕರು ಎಸ್ಸೆಸ್ಸೆಲ್ಸಿಗೆ ಓದಿದ ಬಲ್ಬಿನ ಬೆಳಕು ಜೋಗದ್ದೇ ಇರಬಹುದು.

ಬೆಲೆ ತೆತ್ತವರೂ ಇದ್ದಾರೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು, ಗದ್ದೆ, ತೋಟಗಳು ಮುಳುಗಿ ಸಾವಿರಾರು ಕುಟುಂಬಗಳು ಎದ್ದುಹೋದವು. ಕೊಟ್ಟ ಜಾಗದ ಹಕ್ಕುಪತ್ರಕ್ಕಾಗಿ ಅವರ ಮಕ್ಕಳು, ಮೊಮ್ಮಕ್ಕಳು ದಶಕಗಳ ಕಾಲ ಕಚೇರಿಗಳಿಗೆ ಅಲೆದದ್ದು ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಹಿನ್ನೀರಿನಡಿ ಮುಳುಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮತ್ತೆ ತಲೆಯೆತ್ತುತ್ತದೆ. ಊರವರು ಅದನ್ನು ಮಡೆನೂರು ಅಣೆಕಟ್ಟು ಎನ್ನುತ್ತಾರೆ. ಅಣೆಕಟ್ಟನ್ನೇ ನುಂಗಿದ ಅಣೆಕಟ್ಟು ಎಂದರೆ ಮಕ್ಕಳು ಕಣ್ಣರಳಿಸುತ್ತಾರೆ.

ಇನ್ನು ಹೊರಡುವ ಮಾತು. ಶಿವಮೊಗ್ಗದಿಂದ ಜೋಗಕ್ಕೆ ಆನಂದಪುರ, ಸಾಗರ, ತಾಳಗುಪ್ಪ ಹಾದು ನೂರು ಕಿಲೋಮೀಟರಿಗೆ ತುಸು ಹೆಚ್ಚು. ಸಾಗರದಿಂದ ಮೂವತ್ತು. ದೂರದವರಿಗೆ ಮೈಸೂರು, ಬೆಂಗಳೂರಿನಿಂದ ತಾಳಗುಪ್ಪದವರೆಗೆ ರಾತ್ರಿ ರೈಲು ಇದೆ. ಹಿಂದೆ ಈ ಹಳಿಯ ಮೇಲೆ ಓಡುತ್ತಿದ್ದ ರೈಲ್‌ಬಸ್ಸನ್ನು ನೆನೆಯುವ ಹಿರಿಯರು ಇನ್ನೂ ಸಿಗುತ್ತಾರೆ. ಬೇಸಿಗೆಯಲ್ಲಿ ಒಂದೇ ನಿಯಮ: ಬೆಳಗಿನ ಐದಕ್ಕೆ ಮನೆ ಬಿಡಬೇಕು. ಎಂಟು-ಒಂಬತ್ತರೊಳಗೆ ಜಲಪಾತದ ಎದುರು ನಿಂತರೆ ಬಿಸಿಲು ಏರುವ ಮುನ್ನ ನೋಡಿ ಮುಗಿಸಬಹುದು. ಹತ್ತರ ನಂತರ ಬಂಡೆ ಕಾದು ಬಿಸಿಗಾಳಿ ಮೇಲೇಳುತ್ತದೆ, ಅಜ್ಜ-ಅಜ್ಜಿಯರಿಗೆ ಅದು ಹಿತವಲ್ಲ.

ಕಣಿವೆಯ ತಳಕ್ಕೆ ಸುಮಾರು 1,400 ಮೆಟ್ಟಿಲುಗಳಿವೆ. ಇಳಿಯುವಾಗ ಮಕ್ಕಳು ಓಡುತ್ತಾರೆ, ಹತ್ತುವಾಗ ದೊಡ್ಡವರ ಹೆಗಲು ಹುಡುಕುತ್ತಾರೆ. ಆ ದಾರಿಯನ್ನು ಆಗಾಗ ಮುಚ್ಚುವುದೂ ಉಂಟು. 2025ರ ಮೊದಲ ತಿಂಗಳುಗಳಲ್ಲಂತೂ ಕಾಮಗಾರಿಗಾಗಿ ಪ್ರವಾಸಿಗರ ಪ್ರವೇಶವನ್ನೇ ನಿಲ್ಲಿಸಲಾಗಿತ್ತು. ಹಿಂದಿನ ದಿನವೇ ವಿಚಾರಿಸಿ ಹೊರಡುವುದು ಜಾಣತನ. ಕೆಳಗಿನ ಗುಂಡಿಯನ್ನು ನೋಡಿ 'ನೀರು ಕಡಿಮೆ ಇದೆ, ಈಜೋಣ' ಎನ್ನುವ ಕಾಲೇಜು ಹುಡುಗರಿಗೆ ಒಂದು ಮಾತು. ರಾಜನ ಕೆಳಗಿನ ಮಡುವಿನ ಆಳ ನೂರಮೂವತ್ತು ಅಡಿಯ ಆಸುಪಾಸು ಎಂದು ಬ್ರಿಟಿಷರ ಕಾಲದ ಗ್ರಂಥಗಳಲ್ಲೇ ದಾಖಲಾಗಿದೆ. ಮೇಲೆ ನೀರು ಬತ್ತಿದ ಮಾತ್ರಕ್ಕೆ ಮಡು ಬತ್ತುವುದಿಲ್ಲ. ಪಾಚಿ ಹಿಡಿದ ಬಂಡೆಗೆ ಮಳೆಗಾಲ, ಬೇಸಿಗೆ ಎಂಬ ಭೇದವೂ ಇಲ್ಲ.

ನೋಡುವುದೇನು ಎಂದು ಕೇಳಿದರೆ, ಬೇಸಿಗೆಯಲ್ಲೇ ಸರಿಯಾಗಿ ಕಾಣುವುದು ಜೋಗದ ಅಸ್ಥಿಪಂಜರ. ಮಳೆಗಾಲದಲ್ಲಿ ಮಂಜು ಕವಿದು ಗಂಟೆಗಟ್ಟಲೆ ಕಾದರೂ ಒಂದು ಕ್ಷಣ ಮುಖ ತೋರಿಸಿ ಮರೆಯಾಗುವ ಜಲಪಾತ ಈಗ ಇಡಿಯಾಗಿ ಎದುರಿಗಿರುತ್ತದೆ. ರಾಜ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕೂ ಕವಲುಗಳು ಯಾವ ಜಾಡಿನಲ್ಲಿ ಇಳಿಯುತ್ತವೆಂದು ಬಂಡೆಯ ಮೇಲಿನ ಕಲೆಗಳನ್ನು ನೋಡಿ ಗುರುತಿಸುವ ಆಟ ಮಕ್ಕಳಿಗೆ ಹಿಡಿಸುತ್ತದೆ. (ರೋರರ್ ಅನ್ನು 'ರೋವರ್' ಎನ್ನುವವರೇ ಹೆಚ್ಚು. ಬೊಬ್ಬೆ ಹಾಕುವುದಕ್ಕೆ ಬಂದ ಹೆಸರದು.) ಬಂಡೆಯ ಸಂದುಗಳಲ್ಲಿ ಪಾರಿವಾಳಗಳು, ಬಾನಾಡಿಗಳು ಹಾರಾಡುತ್ತಿರುತ್ತವೆ. ವಿಜ್ಞಾನ ಓದುವ ಹುಡುಗಿಯೊಬ್ಬಳು ಗುಂಪಿನಲ್ಲಿದ್ದರೆ ಲೆಕ್ಕವನ್ನೂ ಮಾಡಬಹುದು: ಗಾಳಿಯ ತಡೆ ಇಲ್ಲದಿದ್ದರೆ ಒಂದು ಹನಿ ಮೇಲಿನಿಂದ ತಳ ಮುಟ್ಟಲು ಏಳು ಸೆಕೆಂಡಿಗೆ ತುಸು ಹೆಚ್ಚು ಬೇಕು. ಗಾಳಿಯಿರುವುದರಿಂದ ಅದಕ್ಕೂ ಹೆಚ್ಚು. ಪರೀಕ್ಷಿಸಲೆಂದು ಕಲ್ಲು ಎಸೆಯುವುದು ಮಾತ್ರ ಬೇಡ, ಕೆಳಗೆ ಜನರಿರಬಹುದು.

ಸಮಯವಿದ್ದವರು ಸೇತುವೆ ದಾಟಿ ಆಚೆ ದಡದ ಬಾಂಬೆ ಬಂಗಲೆಯ ಕಡೆಗೂ ಹೋಗಬೇಕು. ಒಂದು ಕಾಲದಲ್ಲಿ ಹೊಳೆಯ ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಪ್ರಾಂತ್ಯ. ಒಂದೇ ಜಲಪಾತಕ್ಕೆ ಎರಡು ಸರ್ಕಾರಗಳು, ಎರಡು ಬಂಗಲೆಗಳು!

ಊಟ ಮನೆಯಿಂದಲೇ ಕಟ್ಟಿಕೊಂಡರೆ ಕ್ಷೇಮ. ಬೆಳಿಗ್ಗೆಗೆ ಇಡ್ಲಿ-ಚಟ್ನಿಪುಡಿ, ಮಧ್ಯಾಹ್ನಕ್ಕೆ ಚಿತ್ರಾನ್ನ, ಮೊಸರನ್ನ, ಅಪ್ಪೆಮಿಡಿ ಉಪ್ಪಿನಕಾಯಿ. ನೀರು ಎಷ್ಟು ಒಯ್ದರೂ ಸಾಲದು. ಎಲೆ, ಪೊಟ್ಟಣಗಳನ್ನು ಕಣಿವೆಗೆ ಎಸೆಯದೆ ಚೀಲದಲ್ಲೇ ಹಿಂದಕ್ಕೆ ತರುವ ಹೊಣೆಯನ್ನು ಮನೆಯ ಕಿರಿಯರಿಗೆ ವಹಿಸಿದರೆ ದೊಡ್ಡವರಿಗಿಂತ ಶಿಸ್ತಾಗಿ ಮಾಡುತ್ತಾರೆ. ಊಟ ಮುಗಿಸಿ ಉರಿಬಿಸಿಲಿನ ಹೊತ್ತನ್ನು ಸಾಗರದ ಬಳಿಯ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲುಮಂಟಪದಲ್ಲಿ ಕಳೆಯಬಹುದು. ಹೊರಗೆ ಎಷ್ಟೇ ಧಗೆಯಿದ್ದರೂ ಒಳಗೆ ಕಲ್ಲು ತಂಪಾಗಿರುತ್ತದೆ. ಕೆಳದಿಗೆ ಹೋದರೆ ರಾಮೇಶ್ವರ ಗುಡಿಯ ಛಾವಣಿಯಲ್ಲಿ ಗಂಡಭೇರುಂಡವನ್ನು ಹುಡುಕುವ ಕೆಲಸ ಮಕ್ಕಳಿಗಿದೆ.

ಮೇ ತಿಂಗಳ ಸಂಜೆ ಸಾಗರದ ಕಡೆ ಒಮ್ಮೊಮ್ಮೆ ಗುಡುಗು ಸಹಿತ ದೊಡ್ಡ ಹನಿಗಳು ಬೀಳುತ್ತವೆ. ಗಾಳಿಗೆ ಮರ ಬಿದ್ದರೆ ಕರೆಂಟು ಹೋಗುತ್ತದೆ. ನಾಡಿಗೆಲ್ಲ ಬೆಳಕು ಕೊಟ್ಟ ಸೀಮೆಯಲ್ಲಿ ಮೇಣದ ಬತ್ತಿಯ ಬೆಳಕಿನಲ್ಲಿ ಚಹಾ ಕುಡಿಯುತ್ತ, "ಈ ಮಳೆ ನೀರು ಜೋಗಕ್ಕೆ ಯಾವಾಗ ಬರತ್ತಪ್ಪಾ?" ಎಂದು ಹುಡುಗ ಕೇಳಿದರೆ ಅಪ್ಪ ಅಲ್ಲೇ ಆಗಸ್ಟ್ ತಿಂಗಳ ಒಂದು ಭಾನುವಾರವನ್ನು ಗೊತ್ತುಮಾಡಿಬಿಡುವುದು ಒಳ್ಳೆಯದು.