ಮಗರಪಟ್ಟಾದ ಕಚೇರಿ ಬಾಡಿಗೆ: ದಲ್ಲಾಳಿ ಯಾರ ಕಡೆಯವನು?

ಪುಣೆಯ ಪೂರ್ವ ಭಾಗದ ಹಡಪಸರದಲ್ಲಿ ಈಗ ಮಗರಪಟ್ಟಾ ಸಿಟಿ ಇರುವ ಜಾಗ 1990ರ ದಶಕದ ಕೊನೆಯವರೆಗೂ ಹೊಲಗದ್ದೆಯಾಗಿತ್ತು. ಕಲಬುರಗಿ, ವಿಜಯಪುರದಿಂದ ಸೊಲ್ಲಾಪುರ ರಸ್ತೆ ಹಿಡಿದು ಬರುವ ಬಸ್ಸುಗಳು ಊರು ಹೊಕ್ಕುವ ಮುನ್ನ ಹಡಪಸರದಲ್ಲಿ ನಿಲ್ಲುತ್ತಿದ್ದವು. ಆ ಕಾಲದಲ್ಲಿ ಹೀಗೆ ಓಡಾಡಿದವರಿಗೆ ಅಲ್ಲಿನ ಕಬ್ಬು, ತರಕಾರಿ ತೋಟಗಳ ನೆನಪು ಈಗಲೂ ಇದೆ. ಸುಮಾರು 400 ಎಕರೆಯ ಆ ನೆಲ ಮಗರ ಮನೆತನದ 120ರಷ್ಟು ಕುಟುಂಬಗಳಿಗೆ ಸೇರಿತ್ತು. ನಗರ ಬೆಳೆದು ಬಂದಾಗ ತುಂಡುತುಂಡಾಗಿ ಮಾರಿ ಕೈತೊಳೆದುಕೊಳ್ಳುವ ಬದಲು, ಸತೀಶ ಮಗರ ಅವರ ಮುಂದಾಳತ್ವದಲ್ಲಿ ಈ ಕುಟುಂಬಗಳು ಒಂದು ಕಂಪನಿ ಕಟ್ಟಿದವು. ಯಾರ ಜಮೀನು ಎಷ್ಟೋ ಅವರಿಗೆ ಅಷ್ಟು ಷೇರು. 1993ರಲ್ಲಿ ಸರ್ಕಾರದ ಮುಂದಿಟ್ಟ ಯೋಜನೆಯ ಕೆಲಸ 2000ದಲ್ಲಿ ಆರಂಭವಾಯಿತು. ಮನೆ, ಶಾಲೆ, ಆಸ್ಪತ್ರೆ, ಉದ್ಯಾನಗಳ ಜೊತೆಗೆ ಸೈಬರ್‌ಸಿಟಿ ಎಂಬ ಕಚೇರಿ ಗೋಪುರಗಳೂ ಎದ್ದು ನಿಂತವು. ಅಮ್‌ಡಾಕ್ಸ್, ಇಎಕ್ಸ್‌ಎಲ್, ಜಾನ್ ಡೀರ್‌ನಂಥ ಕಂಪನಿಗಳು ಬಂದವು.

ಗೋಪುರಗಳ ಜೊತೆಗೆ ಬಾಡಿಗೆ ಹಿಡಿಸುವ ಕಸುಬೂ ಬದಲಾಯಿತು. ಅಲ್ಲಿಯವರೆಗೆ ಪುಣೆಯ ಕಚೇರಿಗಳು ಹೆಚ್ಚಾಗಿ ಕ್ಯಾಂಪ್, ಡೆಕ್ಕನ್, ಶಿವಾಜಿನಗರಗಳ ಅಂಗಡಿಗಳ ಮೇಲಿನ ಮಹಡಿಗಳಲ್ಲಿರುತ್ತಿದ್ದವು. ಏಜೆಂಟನ ಬಳಿ ಖಾಲಿ ಜಾಗಗಳ ಪಟ್ಟಿ, ಬೀಗದ ಕೈಗೊಂಚಲು ಇದ್ದರೆ ಸಾಕಿತ್ತು. ಎರಡೂ ಕಡೆಯಿಂದ ದಲ್ಲಾಳಿ ಹಣ ಪಡೆದು, ಕೈ ಕುಲುಕಿಸಿ ಹೊರಟರೆ ಅವನ ಕೆಲಸ ಮುಗಿಯುತ್ತಿತ್ತು. ಒಂದೊಂದು ಮಹಡಿಗೆ ನೂರಾರು ಜನ ಕೂರುವ, ರಾತ್ರಿಯಿಡೀ ಜನರೇಟರ್ ಬೇಕಾಗುವ ಕಂಪನಿಗಳಿಗೆ ಅಷ್ಟು ಸಾಲದಾಯಿತು. ಅಂತರರಾಷ್ಟ್ರೀಯ ಆಸ್ತಿ ಸಲಹಾ ಸಂಸ್ಥೆಯಾದ ಸಿಬಿಆರ್‌ಇ 1994ರಲ್ಲೇ ಭಾರತಕ್ಕೆ ಕಾಲಿಟ್ಟಿತ್ತು. ಮುಂದೆ ಜೆಎಲ್‌ಎಲ್, ಕುಷ್‌ಮನ್ ಅಂಡ್ ವೇಕ್‌ಫೀಲ್ಡ್, ಕಾಲಿಯರ್ಸ್‌ನಂಥ ಸಂಸ್ಥೆಗಳೂ ಬೇರೂರಿದವು. ಬಾಡಿಗೆದಾರನ ಪರವಾಗಿಯೇ ಜಾಗ ಹುಡುಕಿ, ಚೌಕಾಸಿ ಮಾಡಿ, ಕರಾರು ಪರಿಶೀಲಿಸುವ ಬ್ರೋಕರ್ ಎಂಬ ಪ್ರತ್ಯೇಕ ಕೆಲಸಗಾರ ರೂಪುಗೊಂಡದ್ದು ಹೀಗೆ.

ಇಂಥ ಬ್ರೋಕರನನ್ನು ಆರಿಸುವಾಗ ಮೊದಲು ಕೇಳಬೇಕಾದದ್ದು ಅವನಿಗೆ ಹಣ ಕೊಡುವವರು ಯಾರು ಎಂದು. ಕಚೇರಿ ಬಾಡಿಗೆಯಲ್ಲಿ ಸಾಮಾನ್ಯವಾಗಿ ಮಾಲೀಕನೇ ಒಂದೆರಡು ತಿಂಗಳ ಬಾಡಿಗೆಯಷ್ಟು ದಲ್ಲಾಳಿ ಹಣ ಕೊಡುತ್ತಾನೆ. ಬಾಡಿಗೆ ಏರಿದಷ್ಟೂ ಆ ಹಣವೂ ಏರುತ್ತದೆ. ಬಾಡಿಗೆ ಇಳಿಸಲು ಹೊರಟವನ ಗಳಿಕೆಯೂ ಇಳಿಯುತ್ತದೆ. ಮಗರಪಟ್ಟಾದಂಥ ಟೌನ್‌ಶಿಪ್‌ನಲ್ಲಿ ಇನ್ನೊಂದು ತೊಡಕಿದೆ. ಇಡೀ ಬಡಾವಣೆ ಕಟ್ಟಿದ್ದು ಒಂದೇ ಕಂಪನಿ. ಬ್ರೋಕರ್ ಇಂದು ಒಬ್ಬ ಬಾಡಿಗೆದಾರನ ಪರ ಮಾತಾಡಿದರೂ ನಾಳೆ ಮತ್ತೊಬ್ಬನಿಗಾಗಿ ಅದೇ ಬಾಗಿಲಿಗೆ ಹೋಗಬೇಕು. ಆದ್ದರಿಂದ ಮಾಲೀಕನಿಂದ ಬರುವ ಹಣವೆಷ್ಟು, ಅದೇ ಕಟ್ಟಡ ತುಂಬಿಸುವ ಗುತ್ತಿಗೆ ಅವನ ಸಂಸ್ಥೆಗೆ ಇದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಬಾಡಿಗೆದಾರನೇ ನಿಗದಿತ ಶುಲ್ಕ ಕೊಡುವ ಏರ್ಪಾಡು ದುಬಾರಿಯಾಗಿ ಕಂಡರೂ ಹೆಚ್ಚು ನೇರವಾದದ್ದು.

ಎರಡನೆಯದು, ಬೇರೆ ಜಾಗ ತೋರಿಸುವ ಶಕ್ತಿ. ನದಿಯಾಚೆಯ ಖರಾಡಿ, ಪಶ್ಚಿಮದ ಹಿಂಜವಡಿ, ಬಾಣೇರ್‌ಗಳ ದರ ಗೊತ್ತಿಲ್ಲದವನಿಗೆ ಮಗರಪಟ್ಟಾದಲ್ಲಿ ಚೌಕಾಸಿ ಮಾಡುವ ಬಲವಿಲ್ಲ. ಎದ್ದು ಹೋಗಲು ಇನ್ನೊಂದು ಜಾಗವಿದೆ ಎಂದು ಮಾಲೀಕನಿಗೆ ಮನವರಿಕೆಯಾದಾಗಲೇ ಮಾತುಕತೆ ಕದಲುತ್ತದೆ.

ಮೂರನೆಯದು ಲೆಕ್ಕ. ಬಾಡಿಗೆ ಹೇಳುವುದು ಲಿಫ್ಟ್, ಮೆಟ್ಟಿಲಿನಂಥ ಹಂಚಿಕೆಯ ಜಾಗವನ್ನೂ ಸೇರಿಸಿದ ಸೂಪರ್ ಬಿಲ್ಟ್-ಅಪ್ ವಿಸ್ತೀರ್ಣದ ಮೇಲೆ; ಮೇಜು ಕುರ್ಚಿ ಹಾಕುವುದು ಕಾರ್ಪೆಟ್ ಏರಿಯಾದಲ್ಲಿ. ಉದಾಹರಣೆಗೆ, ಒಂದು ಕಚೇರಿ 10,000 ಚದರ ಅಡಿ, ದರ ಅಡಿಗೆ 80 ರೂಪಾಯಿ; ಇನ್ನೊಂದು 9,000 ಚದರ ಅಡಿ, ದರ 85 ರೂಪಾಯಿ. ಎರಡರಲ್ಲೂ ಬಳಸಲು ಸಿಗುವುದು 7,000 ಚದರ ಅಡಿ ಎಂದಿಟ್ಟುಕೊಂಡರೆ ಮೊದಲನೆಯದರ ತಿಂಗಳ ಬಾಡಿಗೆ 8 ಲಕ್ಷ, ಎರಡನೆಯದರದು 7,65,000. ದರದಲ್ಲಿ ಅಗ್ಗವಾಗಿ ಕಂಡದ್ದೇ ತಿಂಗಳಿಗೆ 35,000 ರೂಪಾಯಿ ಹೆಚ್ಚು. ನಿರ್ವಹಣಾ ಶುಲ್ಕವನ್ನೂ ಸಾಮಾನ್ಯವಾಗಿ ದೊಡ್ಡ ವಿಸ್ತೀರ್ಣದ ಮೇಲೆಯೇ ಹಾಕುತ್ತಾರೆ. ಅದರ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಕೇಳದೆಯೇ ಈ ಹೋಲಿಕೆಯನ್ನು ಕಾಗದದ ಮೇಲೆ ಮಾಡಿಕೊಡುವ ಬ್ರೋಕರ್ ಕೆಲಸ ಬಲ್ಲವನು.

ನಾಲ್ಕನೆಯದು ಕರಾರಿನ ತಿಳಿವಳಿಕೆ. ಮಹಾರಾಷ್ಟ್ರದಲ್ಲಿ ಕಚೇರಿಗಳನ್ನು ಹೆಚ್ಚಾಗಿ ಬಳಸಲು ಅನುಮತಿಯಷ್ಟೇ ನೀಡುವ ಲೀವ್ ಅಂಡ್ ಲೈಸೆನ್ಸ್ ಪದ್ಧತಿಯಲ್ಲಿ ಕೊಡುತ್ತಾರೆ. 60 ತಿಂಗಳು ಮೀರದ ಇಂಥ ಕರಾರಿಗೆ ಮುದ್ರಾಂಕ ಶುಲ್ಕ ಕಡಿಮೆ. ಐದು ವರ್ಷದ ಕರಾರುಗಳು ಹೆಚ್ಚಿರಲು ಅದೂ ಒಂದು ಕಾರಣ. 2000ದಲ್ಲಿ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಬೇಕು. ನೋಂದಾಯಿಸುವ ಹೊಣೆ ಮಾಲೀಕನದು. ಪಾವತಿಯಾದ ಷೇರು ಬಂಡವಾಳ 1 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿರುವ ಕಂಪನಿಗೆ ಆ ಕಾಯ್ದೆಯ ರಕ್ಷಣೆಯಿಲ್ಲ. ಅಂಥ ಕಂಪನಿಗೆ ಕರಾರಿನ ಸಾಲುಗಳೇ ಆಸರೆ.

ಆ ಸಾಲುಗಳಲ್ಲಿ ಮುಖ್ಯವಾದದ್ದು ಲಾಕ್-ಇನ್ ಅವಧಿ. ಆ ಅವಧಿಯೊಳಗೆ ಜಾಗ ಬಿಟ್ಟರೆ ಉಳಿದ ತಿಂಗಳುಗಳ ಬಾಡಿಗೆಯನ್ನೂ ತೆರಬೇಕಾಗುತ್ತದೆ. 2020ರಲ್ಲಿ ಕೋವಿಡ್ ಬಂದು ಮಹಡಿಗಳು ಬಣಗುಟ್ಟಿದಾಗ ಇದರ ಬಿಸಿ ತಟ್ಟಿತು: ನೌಕರರು ಮನೆಯಲ್ಲಿ, ಬಾಡಿಗೆ ಮಾತ್ರ ನಿಲ್ಲಲಿಲ್ಲ. ಆಮೇಲೆ ಲಾಕ್-ಇನ್ ಮೊಟಕು ಮಾಡುವುದು, ಅರ್ಧ ಜಾಗ ಮರಳಿಸುವ ಹಕ್ಕು, ಅನಿವಾರ್ಯ ಪರಿಸ್ಥಿತಿಯ ಷರತ್ತು ಇವು ಚೌಕಾಸಿಯ ಮುಂಚೂಣಿಗೆ ಬಂದವು. ಠೇವಣಿ ಮರಳುವ ದಿನ, ಬಾಡಿಗೆ ಏರಿಕೆಯ ಪ್ರಮಾಣ, ಒಳಾಂಗಣ ಕೆಲಸ ಮುಗಿಯುವವರೆಗಿನ ಬಾಡಿಗೆ ವಿನಾಯಿತಿ, ಪಾರ್ಕಿಂಗ್ ಎಷ್ಟು ಎಂಬುದನ್ನೂ ಸಹಿಗೆ ಮುಂಚೆ ಬರೆಸಬೇಕು. ಐಟಿ ಕಂಪನಿಗಳ ವಿಶೇಷ ಆರ್ಥಿಕ ವಲಯದ ಕಟ್ಟಡವಾದರೆ ಇನ್ನೊಂದು ಪ್ರಶ್ನೆಯಿದೆ. 2023ರ ಡಿಸೆಂಬರ್‌ನ ನಿಯಮ ತಿದ್ದುಪಡಿಯ ನಂತರ ಇಂಥ ಕಟ್ಟಡಗಳ ಕೆಲವು ಮಹಡಿಗಳನ್ನು ವಲಯಕ್ಕೆ ಸೇರದ ಸಾಮಾನ್ಯ ಕಂಪನಿಗಳಿಗೂ ಬಿಡಿಸಿಕೊಡಬಹುದು. ತೋರಿಸಿದ ಮಹಡಿ ಅವುಗಳಲ್ಲಿ ಒಂದು ಎಂಬುದು ಖಚಿತವಾಗಬೇಕು.

ಬ್ರೋಕರನ ಬಳಿ ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ಮಹಾರೇರಾದ ನೋಂದಣಿ ಸಂಖ್ಯೆ ಇದ್ದ ಮಾತ್ರಕ್ಕೆ ನಂಬಿ ಕೂರುವಂತಿಲ್ಲ. 2016ರ ರೇರಾ ಕಾಯ್ದೆ ಏಜೆಂಟರ ನೋಂದಣಿ ಬೇಡುವುದು ಮಾರಾಟ, ಖರೀದಿಗೆ. ಕಚೇರಿ ಬಾಡಿಗೆಯ ದಲ್ಲಾಳಿಕೆಗೆ ಅಂಥ ಪರವಾನಗಿಯ ಕಾವಲಿಲ್ಲ. ಹೀಗಾಗಿ ನೇಮಕ ಪತ್ರವೇ ಬಾಡಿಗೆದಾರನ ರಕ್ಷಣೆ. ಹೊಣೆಯ ವ್ಯಾಪ್ತಿ, ಅವಧಿ, ಶುಲ್ಕ, ಕಂಪನಿಯ ಮಾಹಿತಿಯ ಗೋಪ್ಯತೆ, ನಡುವೆ ಕೈಬಿಡುವ ಹಕ್ಕು ಅದರಲ್ಲಿರಬೇಕು. ಓಡಾಡಿ ಕೆಲಸ ಮಾಡುವ ವ್ಯಕ್ತಿಯ ಹೆಸರೂ ಇರಲಿ. ದೊಡ್ಡ ಸಂಸ್ಥೆಗಳಲ್ಲಿ ಮೊದಲ ಭೇಟಿಗೆ ಬಂದ ಹಿರಿಯರು ಮತ್ತೆ ಕಾಣದಿರುವುದುಂಟು. ಆ ಬ್ರೋಕರ್ ಕೂರಿಸಿದ ಹಳೆಯ ಬಾಡಿಗೆದಾರರಲ್ಲಿ ಜಾಗ ಬಿಟ್ಟು ಹೋದವರನ್ನೂ ವಿಚಾರಿಸಬೇಕು. ಠೇವಣಿ ಪೂರ್ತಿ ಕೈಸೇರಿತೇ, ಅದಕ್ಕೆ ಬ್ರೋಕರ್ ನೆರವಾದನೇ ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ.

ದೊಡ್ಡ ಕಂಪನಿಗಳಲ್ಲಿ ಇದನ್ನೆಲ್ಲ ನೋಡಿಕೊಳ್ಳಲು ಬೇರೆ ವಿಭಾಗವೇ ಇರುತ್ತದೆ. ಇಪ್ಪತ್ತು ಮೂವತ್ತು ಜನರ ಸಣ್ಣ ಕಂಪನಿಗೆ ಆ ಅನುಕೂಲವಿಲ್ಲ; ಒಂದು ತಪ್ಪು ಕರಾರು ಅದರ ವರ್ಷಗಳ ಉಳಿತಾಯವನ್ನು ನುಂಗಬಲ್ಲದು. ತನ್ನ ಕಡೆಯವನೇ ಆದ ಬ್ರೋಕರನ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಅಂಥವರಿಗೆ. ನೆಲ ಉಳಿಸಿಕೊಳ್ಳಲು ಮಗರ ಕುಟುಂಬಗಳು ಒಟ್ಟಾಗಿ ಕೂತು ಲೆಕ್ಕ ಹಾಕಿದಂತೆ, ಆ ನೆಲದ ಮೇಲೆ ಬಾಡಿಗೆ ಹಿಡಿಯುವವರೂ ಸಹಿಗೆ ಮುಂಚೆ ಕೂತು ಲೆಕ್ಕ ಹಾಕಬೇಕು.