ಒಂದು ಬಾತುಕೋಳಿ ತತ್ತಿಗೆ ಎಷ್ಟು ಖರ್ಚು?

ಹಿತ್ತಲಲ್ಲಿ ನಾಲ್ಕು ಬಾತುಕೋಳಿ ಸಾಕಿದ್ರೆ ತತ್ತಿ ಪುಕ್ಕಟೆ ಸಿಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ನಂಬಬೇಡಿ. ಇಳಕಲ್‌ನಲ್ಲಿರೋ ನಮ್ಮ ಮನೆಯ ಒಂದು ವರ್ಷದ ಲೆಕ್ಕ ನನ್ನ ಹತ್ರ ಇದೆ. (ತತ್ತಿ ಅಂದ್ರೆ ಮೊಟ್ಟೆ. ಬೆಂಗಳೂರು, ಮೈಸೂರು ಕಡೆ ಗೆಳೆಯರಿಗೋಸ್ಕರ ಹೇಳ್ತಿದೀನಿ :) )

ಅಪ್ಪ ಹೋದ ಮೇಲೆ ಅವ್ವ ಊರಲ್ಲಿ ಒಬ್ಬಳೇ. ಹೋದ ವರ್ಷ ಗಂಗಾವತಿ ಕಡೆಯ ಸಂಬಂಧಿಕರು 5 ಹೆಣ್ಣು, 1 ಗಂಡು ಬಾತು ತಂದುಕೊಟ್ಟರು. ತಳಿ ಖಾಕಿ ಕ್ಯಾಂಪ್‌ಬೆಲ್. 19ನೇ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಅನ್ನೋ ಹೆಣ್ಣುಮಗಳು ಶುರು ಮಾಡಿದ ತಳಿ ಇದು. ನಮ್ಮ ಹೆಸರಘಟ್ಟದ ಕೇಂದ್ರ ಸರ್ಕಾರದ ಫಾರ್ಮ್‌ನಲ್ಲೂ ಇದನ್ನ ಬೆಳೆಸಿದ್ದಾರೆ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 300 ತತ್ತಿ ಅಂತ ಪುಸ್ತಕಗಳು ಹೇಳ್ತವೆ. ಆ "ಚೆನ್ನಾಗಿ ನೋಡಿಕೊಂಡರೆ" ಅನ್ನೋ ಎರಡು ಪದದಲ್ಲೇ ಎಲ್ಲ ಖರ್ಚೂ ಅಡಗಿ ಕೂತಿರುತ್ತೆ!

ಅವ್ವ ಹಳೇ ಡೈರಿಯಲ್ಲಿ ದಿನಾ ಬರೆದಿಡ್ತಾಳೆ. ನಾನು ಅದನ್ನ ಎಕ್ಸೆಲ್‌ಗೆ ಹಾಕಿದೆ (ಸಾಫ್ಟ್‌ವೇರ್ ಮಂದಿಯ ಚಟ, ಏನ್ಮಾಡೋದು). ಮನೆಯಲ್ಲಿ ಉಳಿದದ್ದು, ಹಿತ್ತಲಿನ ಹುಳ-ಹುಪ್ಪಡಿ ಬಿಟ್ಟು, ಒಂದು ಹಕ್ಕಿಗೆ ದಿನಕ್ಕೆ ಸುಮಾರು 130 ಗ್ರಾಂ ಕಾಳು-ಹಿಂಡಿ ಕೊಂಡು ತರಬೇಕು. ಆರಕ್ಕೆ ವರ್ಷಕ್ಕೆ 285 ಕೆಜಿ. ಕೆಜಿಗೆ 30 ರೂಪಾಯಿ ಹಿಡಿದು ಸರಿಸುಮಾರು 8,540. ಗೂಡಿನ ಜಾಳಿಗೆ, ತಗಡಿಗೆ ಆದ 6,000ವನ್ನ ಐದು ವರ್ಷಕ್ಕೆ ಹಂಚಿದ್ರೆ 1,200. ಹಕ್ಕಿಗಳ 1,500ವನ್ನ ಎರಡು ವರ್ಷಕ್ಕೆ ಹಂಚಿದ್ರೆ 750. ಸುಣ್ಣದಂಶ, ಔಷಧಿಗೆ 600. ಬೇಸಿಗೆಯ ಟ್ಯಾಂಕರ್ ನೀರು 1,000. ಒಟ್ಟು 12,090 ರೂಪಾಯಿ. ಸಿಕ್ಕ ತತ್ತಿ 820. ಅಂದ್ರೆ ಒಂದಕ್ಕೆ 14 ರೂಪಾಯಿ 74 ಪೈಸೆ! ಅಂಗಡಿಯ ಕೋಳಿ ತತ್ತಿ ಇದರ ಅರ್ಧಕ್ಕೆ ಬರುತ್ತೆ. ಬಾತಿನ ತತ್ತಿ ದೊಡ್ಡದು, ನಿಜ. ತೂಕ ನೋಡಿ ಹೋಲಿಸಿದ್ರೂ ಅಂಗಡಿಯದೇ ಅಗ್ಗ.

ಹಿಂಡಿಯಲ್ಲಿ ಉಳಿಸೋಣ ಅಂದ್ರೆ ಅದೂ ಆಗಲ್ಲ. ನಮ್ಮ ಕಡೆ ಶೇಂಗಾ ಹಿಂಡಿ ಸಿಗುತ್ತೆ, ಆದ್ರೆ ಬೂಸ್ಟು ಹಿಡಿದಿದ್ರೆ ಬಾತಿಗೆ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಸ್ಟು ಹಿಡಿದ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತವು, ಬಾತುಮರಿಗಳೂ ಸತ್ತವು. ಅಫ್ಲಾಟಾಕ್ಸಿನ್ ಅನ್ನೋ ವಿಷ ಪತ್ತೆಯಾಗಿದ್ದೇ ಆ ಘಟನೆಯಿಂದ. ಬಾತುಮರಿಗಳಿಗಂತೂ ಅದು ಸ್ವಲ್ಪವೂ ತಡೆಯಲ್ಲ.

ಇನ್ನು ನೀರು. ಈಜೋಕೆ ಕೆರೆಯೇನೂ ಬೇಡ. ಆದ್ರೆ ತಲೆ ಮುಳುಗಿಸಿ ಮೂಗು, ಕಣ್ಣು ತೊಳೆದುಕೊಳ್ಳುವಷ್ಟು ಆಳದ ನೀರು ಬೇಕೇ ಬೇಕು. ಬೆಳಿಗ್ಗೆ ತುಂಬಿದ್ದು ಮಧ್ಯಾಹ್ನಕ್ಕೆ ಕೆಸರು. ಬಾಗಲಕೋಟೆ ಹತ್ರ ಆಲಮಟ್ಟಿ ಹಿನ್ನೀರು ಸಮುದ್ರದ ಹಾಗೆ ಕಂಡರೂ ನಮ್ಮ ಹಿತ್ತಲಿಗೆ ನೀರು ಅವ್ವನ ಕೈಯಲ್ಲಿ, ಬಕೆಟ್‌ನಲ್ಲಿ ಬರಬೇಕು. ದಿನಕ್ಕೆ ನಾಲ್ಕು ಬಕೆಟ್. ಎಕ್ಸೆಲ್‌ನಲ್ಲಿ ಈ ಬಕೆಟ್‌ಗಳಿಗೆ ಕಾಲಂ ಇರಲಿಲ್ಲ.

ಡೈರಿಯನ್ನ ತಿಂಗಳು ತಿಂಗಳು ಕಂಪ್ಯೂಟರಿಗೆ ಇಳಿಸ್ತಾ ಇದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಪ್ರತಿ ತಿಂಗಳೂ ಇದ್ದ "ಮೊಣಕಾಲ ಗುಳಿಗಿ" ಅನ್ನೋ ಸಾಲು ಏಪ್ರಿಲ್‌ನಲ್ಲಿ ಇಲ್ಲ, ಮೇನಲ್ಲೂ ಇಲ್ಲ. ಬಿಸಿಲಿಗೆ ಬಾತುಗಳು ತತ್ತಿ ಇಡೋದು ಬಹುತೇಕ ನಿಲ್ಲಿಸಿದ್ದ ತಿಂಗಳುಗಳು ಅವು. ಓಣಿಯವರಿಗೆ ಒಂದು ತತ್ತಿ 10 ರೂಪಾಯಿಗೆ ಮಾರ್ತಿದ್ಲು, ಆ ದುಡ್ಡು ನಿಂತಿತ್ತು. ಕಾಳಿನ ಖರ್ಚು ಮಾತ್ರ ನಿಂತಿರಲಿಲ್ಲ.

ಫೋನ್ ಮಾಡಿ ಕೇಳಿದೆ. "ಬಾತುಗೋಳು ಹಸದರ ಒದರ್ತಾವ ತಮ್ಮಾ. ಮೊಣಕಾಲು ಒದರಂಗಿಲ್ಲಲ್ಲ" ಅಂದಳು.

ನನಗೆ ಮಾತೇ ಹೊರಡಲಿಲ್ಲ...

ಮಾರಿಬಿಡು ಅನ್ನೋದು ಸುಲಭ. ಆದ್ರೆ ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯೋಕೆ ಅವಳು ಏಳ್ತಾಳೆ, ತತ್ತಿ ಹುಡುಕೋಕೆ ಪಕ್ಕದ ಮನೆ ಮಕ್ಕಳು ಬರ್ತಾರೆ, ಓಣಿಯ ಬಾಣಂತಿಗೆ ಎರಡು ತತ್ತಿ ಹೋಗುತ್ತೆ. ಈ ಮಾತು ನಾನು ಹೇಳಿದ್ದಲ್ಲ, ತತ್ತಿ ಯಾರಿಗೆ ಹೋಯಿತು ಅಂತ ಡೈರಿಯಲ್ಲಿ ಹೆಸರು ಸಮೇತ ಬರೆದಿದ್ದಾಳೆ. ಖಾಲಿ ಮನೆಯಲ್ಲಿ ಅವಳನ್ನ ಕರೆಯೋ ಆರು ಗಂಟಲಿಗೆ ಬೆಲೆ ಕಟ್ಟೋದು ಹೇಗೆ?

ಹೋದ ವಾರ ಊರಿಗೆ ಹೋಗಿ ತಳದಲ್ಲಿ ನಳ ಇರೋ ಒಂದು ತೊಟ್ಟಿ ಕೂರಿಸಿ ಬಂದೆ. ತುಂಬೋಕೆ ಪೈಪು, ಕೊಳೆನೀರು ನೇರವಾಗಿ ನಿಂಬೆ ಗಿಡಕ್ಕೆ. ಬಕೆಟ್ ಎತ್ತೋ ಹಾಗಿಲ್ಲ. 2,400 ಖರ್ಚಾಯ್ತು. ಐದು ವರ್ಷಕ್ಕೆ ಹಂಚಿದ್ರೆ ತತ್ತಿಯ ಬೆಲೆ 15 ರೂಪಾಯಿ 33 ಪೈಸೆಗೆ ಏರುತ್ತೆ. ಏರಲಿ. ಕಾಳಿನ ದುಡ್ಡು ಇನ್ನು ಮೇಲೆ ಬೇರೆ, ಗುಳಿಗೆ ದುಡ್ಡು ಬೇರೆ ಅಂತ ಇಬ್ಬರೂ ಒಪ್ಪಿಕೊಂಡಿದೀವಿ. ಒಪ್ಪಿದ ಮೇಲೂ ಅವ್ವ ಕೇಳಿದಳು, "ಹಂಗಾದ್ರ ಇನ್ನೆರಡು ಮರಿ ತರ್ಲೇನು?"

ನೀವೂ ಬಾತು ತರೋ ಯೋಚನೆಯಲ್ಲಿದ್ರೆ ಖಂಡಿತ ತನ್ನಿ. ಆದ್ರೆ ಬಕೆಟ್ ಹೊರೋರು ಯಾರು ಅಂತ ಮೊದಲು ಮನೆಯಲ್ಲಿ ಕೇಳಿ.