ಹೊಂಬುಜದಿಂದ ಕಾರ್ಕಳಕ್ಕೆ: ಘಟ್ಟ ಇಳಿಯುವ ದಾರಿ ಯಾವುದು?

ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗಳನ್ನು ಬಯಲುಸೀಮೆಯಿಂದ ಕಾರ್ಕಳ, ಮೂಡುಬಿದಿರೆಗಳಿಗೆ ಕರೆದೊಯ್ಯುವ ಅಧ್ಯಾಪಕನಿಗೆ ಎದುರಾಗುವ ಮೊದಲ ಪ್ರಶ್ನೆ ಬಸದಿಗಳದ್ದಲ್ಲ, ಘಟ್ಟದ್ದು. ಪಶ್ಚಿಮಘಟ್ಟವನ್ನು ಎಲ್ಲಿ ಇಳಿಯಬೇಕು, ಯಾವುದರಲ್ಲಿ ಇಳಿಯಬೇಕು? ಹಣ, ಸಮಯ, ತಿರುವುಗಳಲ್ಲಿ ಹೊಟ್ಟೆ ತೊಳಸುವ ಭಯ, ಹೆತ್ತವರ ಆತಂಕ ಎಲ್ಲವೂ ಇದರಲ್ಲಿ ಸೇರಿವೆ. ಪ್ರವಾಸದಿಂದ ವಿದ್ಯಾರ್ಥಿ ಏನನ್ನು ಕಲಿತು ಬರುತ್ತಾನೆ ಎಂಬುದೂ ಇದರಿಂದಲೇ ನಿರ್ಧಾರವಾಗುತ್ತದೆಂಬುದು ನನ್ನ ಅನುಭವ.

ಸುಲಭದ ದಾರಿ ಶಿರಾಡಿ. ಬೆಂಗಳೂರು–ಮಂಗಳೂರು ಹೆದ್ದಾರಿಯಾದ್ದರಿಂದ ಐವತ್ತು ಜನರ ಬಸ್ಸು ನೇರವಾಗಿ ಇಳಿಯುತ್ತದೆ. ತಲಾ ಖರ್ಚು ಕಡಿಮೆ. ಆದರೆ ಸಾಲುಗಟ್ಟಿದ ಲಾರಿಗಳ ನಡುವೆ ನಿಂತು ನೋಡುವ ಅವಕಾಶವಿಲ್ಲ. ಇನ್ನೊಂದು ಆಯ್ಕೆ ರೈಲು. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದು, ಬ್ರಾಡ್ ಗೇಜಿಗೆ ಪರಿವರ್ತನೆಗೊಂಡ ಬಳಿಕ 2007ರಲ್ಲಿ ಪ್ರಯಾಣಿಕರಿಗೆ ಮತ್ತೆ ದೊರೆತ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಮಾರ್ಗದಲ್ಲಿ 57 ಸುರಂಗಗಳಿವೆ. 50 ಅಡಿಗೆ ಒಂದಡಿಯ ಇಳಿಜಾರು. ಆ ಕಣಿವೆಗಳ ಚೆಲುವಿಗೆ ಸಾಟಿಯಿಲ್ಲ. ಆದರೆ ಕಾರ್ಕಳಕ್ಕಾಗಲಿ ಮೂಡುಬಿದಿರೆಗಾಗಲಿ ರೈಲು ಹೋಗುವುದಿಲ್ಲ. ಮೇಲಾಗಿ, ಈ ಎರಡೂ ಮಾರ್ಗಗಳು ನಮ್ಮ ಅಧ್ಯಯನದ ಆರಂಭಬಿಂದುವಾದ ಹೊಂಬುಜವನ್ನು ಬಹುದೂರ ಬಿಟ್ಟು ಸಾಗುತ್ತವೆ.

ನಾನು ಆರಿಸಿಕೊಳ್ಳುವುದು ಹೊಂಬುಜ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ವರಂಗದ ಮೂಲಕ ಕಾರ್ಕಳ ಸೇರುವ ದಾರಿಯನ್ನು. ಆಗುಂಬೆಯ 14 ತಿರುವುಗಳಲ್ಲಿ ದೊಡ್ಡ ಬಸ್ಸಿಗೆ ಎಡೆಯಿಲ್ಲ. ಒಂದರ ಬದಲು ಎರಡು ಮಿನಿ ಬಸ್ಸುಗಳು ಬೇಕು. ಖರ್ಚು ಏರುತ್ತದೆ. ಬಡ ವಿದ್ಯಾರ್ಥಿಗಳ ಮೇಲೆ ಆ ಭಾರ ಹೊರಿಸುವುದು ನ್ಯಾಯವೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು.

ನನ್ನ ಉತ್ತರವಿರುವುದು ಸಾಂತರರ ಇತಿಹಾಸದಲ್ಲಿ. 1077ರ ಪಂಚಕೂಟ ಬಸದಿಯ ಹೊಂಬುಜ ಘಟ್ಟದ ಮೇಲಿದೆ; ವೀರಪಾಂಡ್ಯ ಭೈರರಸ 1432ರಲ್ಲಿ ನಿಲ್ಲಿಸಿದ ಬಾಹುಬಲಿಯ ಕಾರ್ಕಳ ಘಟ್ಟದ ಕೆಳಗಿದೆ. ಕಾರ್ಕಳದ ಅರಸರು ತಮ್ಮನ್ನು ಹೊಂಬುಜದ ಜಿನದತ್ತರಾಯನ ವಂಶದವರೆಂದೇ ಹೇಳಿಕೊಂಡರು. ಘಟ್ಟದ ಮೇಲಿನ ಕಳಸವೂ ಕೆಳಗಿನ ಕಾರ್ಕಳವೂ ಒಂದೇ ಮನೆತನದ ಆಳ್ವಿಕೆಯಲ್ಲಿದ್ದವು. ನಮ್ಮ ಪಠ್ಯಗಳಲ್ಲಾದರೋ ಮಲೆನಾಡು ಒಂದು ಅಧ್ಯಾಯ, ತುಳುನಾಡು ಇನ್ನೊಂದು. ನಡುವಿನ ಘಟ್ಟ ಎರಡನ್ನೂ ಬೇರ್ಪಡಿಸುವ ಗೋಡೆ. ಒಂದೇ ಹಗಲಿನಲ್ಲಿ ಹೊಂಬುಜದಿಂದ ಹೊರಟು, ವರಂಗದ ಕೆರೆಬಸದಿಗೆ ದೋಣಿಯಲ್ಲಿ ಹೋಗಿ, ಸಂಜೆ ಕಾರ್ಕಳದ ಬಂಡೆಯೇರಿದ ವಿದ್ಯಾರ್ಥಿಗೆ ಅದು ಗೋಡೆಯಲ್ಲ, ಮನೆಯ ಮೆಟ್ಟಿಲು ಎಂಬುದು ಕಾಲಿಗೇ ತಿಳಿಯುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯನ್ನು ಹಾದು ಬಂದವರಿಗೆ ಮೂಡುಬಿದಿರೆಯ ಬಸದಿಗಳ ಇಳಿಜಾರು ಮಾಡನ್ನು ವಿವರಿಸಬೇಕಾಗುವುದಿಲ್ಲ.

ಯಾವಾಗ ಹೋಗಬೇಕೆಂಬುದಕ್ಕೂ ಪರಂಪರೆಯಲ್ಲಿ ಉತ್ತರವಿದೆ. ವಾಹನವೇರದ ದಿಗಂಬರ ಮುನಿಗಳಿಗೆ ಪಾದವಿಹಾರವೊಂದೇ ಗತಿ. ಮಳೆಗಾಲದಲ್ಲಿ ಅದೂ ಇಲ್ಲ. ನೆಲದಲ್ಲಿ ಹುಟ್ಟುವ ಜೀವಗಳಿಗೆ ಹಿಂಸೆಯಾಗದಿರಲೆಂದು ಚಾತುರ್ಮಾಸದಲ್ಲಿ ಅವರು ಒಂದೆಡೆ ನೆಲೆಸುತ್ತಾರೆ. ಅಹಿಂಸೆಯ ಈ ನಿಯಮದಲ್ಲಿ ಲೋಕವಿವೇಕವೂ ಇದೆ. 2018ರ ಆಗಸ್ಟಿನಲ್ಲಿ ಶಿರಾಡಿ ರಸ್ತೆ, ರೈಲುಮಾರ್ಗ ಎರಡೂ ಭೂಕುಸಿತದಿಂದ ಮುಚ್ಚಿದವು. ಮರುವರ್ಷದ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. ಆಗುಂಬೆಯ ಮಣ್ಣೂ ಬೇರೆಯಲ್ಲ. ಮಳೆಯ ಮರೆಯಿಲ್ಲದೆ ಘಟ್ಟವನ್ನು ಕಣ್ತುಂಬ ಕಾಣಬಹುದಾದ ಡಿಸೆಂಬರೇ ನಮಗೆ ಯುಕ್ತ.

ಖರ್ಚಿನ ಪ್ರಶ್ನೆಗೆ ಕಂಡುಕೊಂಡ ದಾರಿ ಇದು: ಇಳಿಯುವುದಕ್ಕೆ ಮಾತ್ರ ಮಿನಿ ಬಸ್ಸು. ಕಾರ್ಕಳದಿಂದ ಮೂಡುಬಿದಿರೆಗೆ, ಅಲ್ಲಿಂದ ಮಂಗಳೂರಿಗೆ ಕರಾವಳಿಯ ಖಾಸಗಿ ಬಸ್ಸುಗಳು ಬೇಕಾದಷ್ಟಿವೆ. ಮರಳುವುದು ಹಗಲು ರೈಲಿನಲ್ಲಿ. ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ನಮ್ಮ ಜೇಬಿಗೆ ಮೀರಿದ್ದು; ಸಾಮಾನ್ಯ ಬೋಗಿಯ ಕಿಟಕಿ ಸಾಕು. ಇಳಿಯುವಾಗ ಇತಿಹಾಸವನ್ನು ಓದಿಕೊಂಡವರು ಏರುವಾಗ ಸುಮ್ಮನೆ ಕಾಡನ್ನು ನೋಡಲಿ.